ಧರ್ಮಗುರುವಿನ ಮುದ್ರೆ ಹೊತ್ತ ಕಾಗದದ ಹಣ

ಗಲ್ಲಾದಲ್ಲಿ ಕುಳಿತು ದಿನವಿಡೀ ಹಣ ಎಣಿಸುವ ನಮ್ಮ ಹೋಟೆಲು ಬಂಧುಗಳಿಗೂ, ಲೆಕ್ಕದ ಪುಸ್ತಕದ ಮುಂದೆ ಕಣ್ಣು ಸವೆಸುವ ಗುಮಾಸ್ತ ಮಿತ್ರರಿಗೂ ನೋಟೆಂದರೆ ಏನೆಂಬುದನ್ನು ಹೇಳಿಕೊಡಲು ಹೊರಡುವುದು ಉದ್ಧಟತನವಾದೀತು. ಕಾಗದವು ಒಳ್ಳೆಯದೋ ಖೋಟಾವೋ ಎಂಬುದನ್ನು ಅವರ ಬೆರಳುಗಳು ಕಣ್ಣಿಗಿಂತ ಮೊದಲೇ ಹೇಳಿಬಿಡುತ್ತವೆ. ಈಚೆಗೆ ಗಿರಾಕಿಗಳು ಮೊಬೈಲನ್ನು ಚೌಕುಳಿಯ ಚಿತ್ರದ ಮುಂದೆ ಹಿಡಿದು ಹಣ ಸಲ್ಲಿಸಿ ಹೋಗುವುದು ಹೆಚ್ಚಾಗಿದೆಯಾದರೂ ನೋಟಿನ ಗೌರವ ಪೂರ್ತಿ ಇಳಿದಿಲ್ಲ. ಆದರೆ ಆ ತುಂಡು ಕಾಗದಕ್ಕೆ ಬೆಲೆ ಎಲ್ಲಿಂದ ಬಂದಿತು, ಕೊಟ್ಟವರು ಯಾರು, ಕೊಟ್ಟವರೇ ಇಲ್ಲವಾಗಿ ಹೋದರೆ ಅದನ್ನು ಹಿಡಿದವನ ಗತಿಯೇನು ಎಂಬ ವಿಚಾರವನ್ನು ನಾವು ನಿತ್ಯವೂ ಮಾಡುವುದಿಲ್ಲ. 2016ನೆಯ ಇಸವಿಯ ನವೆಂಬರ್ 8ರ ರಾತ್ರಿ ಒಮ್ಮೆ ಮಾಡಿದೆವು. ಅಂದು ಐನೂರು ಮತ್ತು ಸಾವಿರ ರೂಪಾಯಿಗಳ ನೋಟುಗಳು ಚಲಾವಣೆಯಿಂದ ಹೊರಬಿದ್ದಾಗ, ಮರುದಿನ ಬೆಳಗಿನ ಇಡ್ಲಿಗೆ ಉದ್ದು ಅಕ್ಕಿ ತರುವುದು ಹೇಗೆಂದು ಎಷ್ಟು ಹೋಟೆಲುಗಳಲ್ಲಿ ಚಿಂತೆ ಹತ್ತಿರಲಿಲ್ಲ! ಆದರೂ ಅಂದು ಸರಕಾರವಿದ್ದಿತು, ಬ್ಯಾಂಕು ಇದ್ದಿತು, ಡಿಸೆಂಬರ್ 30ರ ವರೆಗೆ ಹಣ ಕಟ್ಟಲು ಅವಕಾಶವೂ ಇದ್ದಿತು. ಸರಕಾರವೇ ಮುಳುಗಿಹೋದ ಒಂದು ನಾಡಿನ ನೋಟುಗಳ ಕಥೆಯನ್ನು ಇಂದು ವಾಚಕರ ಮುಂದಿಡಲು ನಾವು ಬಯಸುತ್ತೇವೆ.

ಈ ವಿಚಾರಕ್ಕೆ ನಿಮಿತ್ತವಾದದ್ದು ನಮ್ಮ ನಾಗಪುರವೇ. ವರ್ಧಾ ರಸ್ತೆಯಿಂದ ರೈಲು ಹಳಿಯನ್ನು ದಾಟಿ ಮನೀಶ್ ನಗರವನ್ನು ಹೊಕ್ಕರೆ ಅಲ್ಲಿ ನೆಲೆಸಿದ ಕನ್ನಡಿಗರ ಪೈಕಿ ಹಳೆಯ ನಾಣ್ಯ ನೋಟುಗಳನ್ನು ಕೂಡಿಡುವ ಹವ್ಯಾಸವುಳ್ಳ ಹಿರಿಯರೊಬ್ಬರು ನಮಗೆ ಪರಿಚಿತರು. ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. ಹೆಸರು ಹಾಕಬಾರದೆಂದು ಅವರ ಕಟ್ಟಪ್ಪಣೆ. ಕಳೆದ ಚಳಿಗಾಲದಲ್ಲಿ ಅವರು ಒಂದು ಉದ್ದನೆಯ ಹಳದಿ ಛಾಯೆಯ ಕಾಗದವನ್ನು ನಮ್ಮ ಕೈಯಲ್ಲಿಟ್ಟು, “ಬೆಳಕಿಗೆ ಹಿಡಿದು ನೋಡಿ, ಸ್ವಾಮಿ” ಎಂದರು. ಮುಂಭಾಗದಲ್ಲಿ ಎರಡು ಹಿಮಸಿಂಹಗಳು. ಒಂದು ಕೆಂಪು ಗುಂಡು ಮುದ್ರೆ, ಒಂದು ಕಪ್ಪು ಚೌಕ ಮುದ್ರೆ. ಹಿಂಭಾಗದಲ್ಲಿ ಮರದಡಿ ಕುಳಿತ ಒಬ್ಬ ವೃದ್ಧ, ಅವನ ಬಳಿ ಜಿಂಕೆ, ಕೊಕ್ಕರೆ. ಬೆಳಕಿಗೆ ಹಿಡಿದಾಗ ಹಾಳೆಯ ಹೊಟ್ಟೆಯೊಳಗಿಂದ ಎರಡು ಸಾಲಿನ ಬರಹ ಮೂಡಿಬಂದಿತು. ಅದು ಟಿಬೆಟ್ ಸರಕಾರದ ನೂರು ಸ್ರಂಗಿನ ನೋಟು. ಅದರ ಕೆಂಪು ಮುದ್ರೆ ದಲೈ ಲಾಮಾ ಅವರದು.

ಧರ್ಮಗುರುವು ಸಿಂಹಾಸನವೇರಿ ರಾಜ್ಯವಾಳುವುದು, ತೆರಿಗೆ ಎತ್ತುವುದು, ಕೊನೆಗೆ ತನ್ನ ಮುದ್ರೆಯೊತ್ತಿ ನೋಟು ಹೊರಡಿಸುವುದು ನಮ್ಮ ಕಡೆಯವರಿಗೆ ಸ್ವಲ್ಪ ವಿಚಿತ್ರವಾಗಿಯೇ ಕಂಡೀತು. ಉಡುಪಿಯ ಅಷ್ಟಮಠಗಳ ಯತಿಗಳು ಪರ್ಯಾಯಪೀಠವನ್ನೇರುತ್ತಾರೆ. ಅದು ಕೃಷ್ಣಪೂಜೆಯ ಅಧಿಕಾರವೇ ಹೊರತು ರಾಜ್ಯಾಧಿಕಾರವಲ್ಲ. ತಿರುವಾಂಕೂರಿನ ಮಾರ್ತಾಂಡವರ್ಮ ಮಹಾರಾಜನು 1750ರಲ್ಲಿ ತನ್ನ ರಾಜ್ಯವನ್ನೇ ಅನಂತಪದ್ಮನಾಭನ ಪಾದಗಳಿಗೆ ಅರ್ಪಿಸಿ ತಾನು ಪದ್ಮನಾಭದಾಸನಾದನು. ಆದರೂ ಆಳಿದವನು ಅರಸನೇ. ಟಿಬೆಟಿನಲ್ಲಿ ಹಾಗಲ್ಲ. 1642ರಲ್ಲಿ ಐದನೆಯ ದಲೈ ಲಾಮಾ ಅವರ ಕಾಲಕ್ಕೆ ಮೊದಲಾದ ‘ಗಾಂದೆನ್ ಫೋದ್ರಂಗ್’ ಎಂಬ ಆ ಆಡಳಿತದಲ್ಲಿ ಸನ್ಯಾಸಿಯೇ ಒಡೆಯ. ಅನೇಕ ಕಚೇರಿಗಳಲ್ಲಿ ಒಬ್ಬ ಸನ್ಯಾಸಿ ಅಧಿಕಾರಿ, ಅವನ ಜೊತೆಗೆ ಒಬ್ಬ ಗೃಹಸ್ಥ ಅಧಿಕಾರಿ ಎಂಬಂತೆ ಜೋಡಿ ನೇಮಕವಿರುತ್ತಿದ್ದಿತು. ‘ಧರ್ಮ ಮತ್ತು ರಾಜ್ಯ ಎರಡೂ ಕೂಡಿದ ಆಡಳಿತ’ ಎಂಬ ಅರ್ಥದ ಮಾತನ್ನು ಅವರು ತಮ್ಮ ನೋಟಿನ ಮೇಲೆಯೇ ಅಚ್ಚು ಹಾಕಿಸಿದ್ದರು.

ನೋಟಿಗೆ ಬರುವ ಮುಂಚೆ ಅವರ ನಾಣ್ಯದ ಪಾಡನ್ನು ಹೇಳಲೇಬೇಕು, ಏಕೆಂದರೆ ನೋಟಿನ ಬೀಜ ಅಲ್ಲಿಯೇ ಇದೆ. ಟಿಬೆಟಿಗೆ ಬಹುಕಾಲ ಸ್ವಂತ ಟಂಕಸಾಲೆಯಿರಲಿಲ್ಲ. ಬೆಳ್ಳಿಯನ್ನು ನೇಪಾಳಕ್ಕೆ ಕಳುಹಿಸಿ, ಅಲ್ಲಿನ ಮಲ್ಲ ಅರಸರಿಂದ ನಾಣ್ಯ ಮಾಡಿಸಿ ತರಿಸಿಕೊಳ್ಳುತ್ತಿದ್ದರು. ಟಂಕಿಸುವ ಕೈ ಪರರದಾದರೆ ಬೆಳ್ಳಿಯಲ್ಲಿ ತಾಮ್ರ ಬೆರೆಯದೆ ಇರುವುದುಂಟೇ? ನೇಪಾಳದ ಗಾದಿಗೆ ಗೂರ್ಖಾ ಅರಸರು ಬಂದು ಶುದ್ಧ ಬೆಳ್ಳಿಯ ಹೊಸ ನಾಣ್ಯ ಹೊರಡಿಸಿದಾಗ, ಹಳೆಯ ಬೆರಕೆ ನಾಣ್ಯವನ್ನು ಯಾವ ದರಕ್ಕೆ ಬದಲಿಸಬೇಕೆಂಬ ವಾದ ಎದ್ದಿತು. ಈ ಚಿಲ್ಲರೆ ಜಗಳ ಚಿಲ್ಲರೆಯಾಗಿ ಮುಗಿಯಲಿಲ್ಲ. ಇತರ ವ್ಯಾಪಾರದ ತಕರಾರುಗಳೂ ಸೇರಿ, 1788ರಲ್ಲಿ ಗೂರ್ಖರು ಟಿಬೆಟಿನ ಮೇಲೆ ದಂಡೆತ್ತಿ ಹೋದರು. 1791ರಲ್ಲಿ ಮತ್ತೆ ಹೋಗಿ ಶಿಗಾತ್ಸೆಯ ತಾಶಿಲ್ಹುಂಪೋ ಮಠವನ್ನು ಸೂರೆಮಾಡಿದರು. 1792ರಲ್ಲಿ ಚೀನಾ ಚಕ್ರವರ್ತಿಯ ಸೈನ್ಯ ಬಂದು ಅವರನ್ನು ಹಿಮ್ಮೆಟ್ಟಿಸಿತು. ಆ ಗದ್ದಲದ ನಂತರವೇ ಟಿಬೆಟ್ ತನ್ನ ಹೆಸರಿನ ನಾಣ್ಯವನ್ನು ಕಂಡದ್ದು. ಅದರ ನಾಣ್ಯದ ಹೆಸರು ‘ಟಂಕಾ’. ಟಂಕವೆಂಬ ಸಂಸ್ಕೃತ ಶಬ್ದವೇ ನಮ್ಮಲ್ಲಿ ಟಂಕಸಾಲೆಯಾಗಿ ಉಳಿದಿರುವಾಗ ಈ ಹೆಸರು ಕನ್ನಡಿಗರ ಕಿವಿಗೆ ಪರಕೀಯವೆನಿಸಬಾರದು.

ಬ್ರಿಟಿಷ್ ಇಂಡಿಯಾದ ರೂಪಾಯಿಯೂ ಆ ಬೆಟ್ಟಗಳನ್ನು ಹತ್ತಿತ್ತು. ಟಿಬೆಟಿನ ಉಣ್ಣೆ ಹೇಸರಗತ್ತೆಗಳ ಬೆನ್ನಮೇಲೆ ಕಾಲಿಂಪಾಂಗಿಗೆ ಇಳಿಯುತ್ತಿದ್ದಿತು. ಬೆಲೆ ರೂಪಾಯಿಯಲ್ಲಿ ದೊರೆಯುತ್ತಿದ್ದಿತು. ವಿಕ್ಟೋರಿಯಾ ರಾಣಿಯ ತಲೆಯ ರೂಪಾಯಿಗೆ ಅಲ್ಲಿದ್ದ ಮನ್ನಣೆಯನ್ನು ಕಂಡು ಅಸೂಯೆಗೊಂಡ ಚೀನಾದ ಅಧಿಕಾರಿಗಳು 1902ರ ಸುಮಾರಿಗೆ ಸಿಚುವಾನ್ ಪ್ರಾಂತದಲ್ಲಿ ಅದೇ ಮಾದರಿಯಲ್ಲಿ, ರಾಣಿಯ ಜಾಗದಲ್ಲಿ ಚಕ್ರವರ್ತಿಯ ಮುಖವನ್ನಿಟ್ಟು ರೂಪಾಯಿ ಹೊಡೆಸಿದರು. ಒಂದು ದೇಶದ ಹಣವನ್ನು ಓಡಿಸಲು ಅದರ ವೇಷವನ್ನೇ ಹಾಕಬೇಕಾಯಿತೆಂಬುದು ನಗುವ ಸಂಗತಿಯಲ್ಲವೇ?

ಇನ್ನು ಕಾಗದದ ಹಣದ ಹುಟ್ಟು. ಹದಿಮೂರನೆಯ ದಲೈ ಲಾಮಾ ಅವರು 1910ರಲ್ಲಿ ಚೀನಾದ ಸೈನ್ಯ ಲಾಸಾವನ್ನು ಹೊಕ್ಕಾಗ ತಪ್ಪಿಸಿಕೊಂಡು ಭಾರತಕ್ಕೆ ಬಂದರು. ದಾರ್ಜಿಲಿಂಗ್, ಕಾಲಿಂಪಾಂಗ್ ಕಡೆ ಎರಡು ವರ್ಷಕ್ಕೂ ಮೇಲ್ಪಟ್ಟು ಇದ್ದರು. ಇಲ್ಲಿ ಅಂಚೆ, ತಂತಿ, ರೈಲು, ನೋಟು ಇವೆಲ್ಲವನ್ನೂ ಕಣ್ಣಾರೆ ಕಂಡರು. ಚೀನಾದಲ್ಲಿ ಕ್ರಾಂತಿಯಾಗಿ ಅರಸೊತ್ತಿಗೆ ಬಿದ್ದುಹೋದ ಮೇಲೆ ಹಿಂದಿರುಗಿ, 1913ರ ಜನವರಿಯಲ್ಲಿ ಲಾಸಾ ಸೇರಿದರು. ಅಂಚೆಚೀಟಿ, ಹೊಸ ನಾಣ್ಯ, ಕಾಗದದ ಹಣ ಎಲ್ಲವೂ ಆ ಸುಮಾರಿನಲ್ಲಿ ಒಂದರ ಹಿಂದೊಂದು ಹೊರಟವು. ತನ್ನ ಕಾಲಮೇಲೆ ತಾನು ನಿಂತ ರಾಜ್ಯವೆಂದು ಲೋಕಕ್ಕೆ ಸಾರಲು ಇವುಗಳಿಗಿಂತ ಸುಲಭವಾದ ಡಂಗುರ ಬೇರೆ ಇಲ್ಲ.

ಮೊದಲ ನೋಟುಗಳು 5, 10, 15, 25 ಮತ್ತು 50 ಟಂಕಾಗಳವು. ಮರದ ಅಚ್ಚಿನಿಂದ ಒತ್ತಿದವು. ಕಾಗದವು ಬೆಟ್ಟದ ಗಿಡದ ತೊಗಟೆಯನ್ನು ಕುಟ್ಟಿ ಕೈಯಿಂದ ಮಾಡಿದ್ದು. ಹುಳುಹುಪ್ಪಟೆ ಮುಟ್ಟದ ಗುಣ ಅದಕ್ಕಿತ್ತು. ಅವುಗಳ ಮೇಲಿನ ವರ್ಷ 1658. ನಮ್ಮ ಇಸವಿಗೂ ಅದಕ್ಕೂ 254ರ ಅಂತರ. ಲ್ಹಾ ಥೋಥೋರಿ ಎಂಬ ಪುರಾತನ ಅರಸನ ಅರಮನೆಯ ಮಾಳಿಗೆಯ ಮೇಲೆ ಬೌದ್ಧ ಧರ್ಮಗ್ರಂಥಗಳು ಆಕಾಶದಿಂದ ಬಂದಿಳಿದವೆಂದು ಅವರ ಐತಿಹ್ಯ. ಆ ವರ್ಷವನ್ನು ಕ್ರಿ. ಶ. 255 ಎಂದು ಹಿಡಿದು ನೋಟಿನ ವರ್ಷವನ್ನು ಎಣಿಸಿದ್ದಾರೆ. ಹೀಗೆ 1658 ಎಂದರೆ 1912. ಬ್ಯಾಂಕಿನ ಹಣದ ಮೇಲೆ ಧರ್ಮಗ್ರಂಥ ಇಳಿದ ದಿನದಿಂದ ಶಕೆ ಎಣಿಸಿದ ರಾಜ್ಯ ಬೇರೊಂದನ್ನು ನಾವು ಕೇಳಿಲ್ಲ.

ಲೆಕ್ಕಪತ್ರದ ಮಿತ್ರರಿಗೆ ರುಚಿಸುವ ಒಂದು ಮಾತು. ಒಂದು ಸ್ರಂಗಿಗೆ 10 ಶೋ. ಒಂದು ಶೋಗೆ 10 ಕರ್. ಇದು ದಶಮಾಂಶ, ಸರಳ. ಆದರೆ ಒಂದು ಟಂಕಾಕ್ಕೆ 15 ಕರ್. ಅಂದರೆ ಸ್ರಂಗಿಗೆ ಆರು ಟಂಕಾ ಮತ್ತು ಟಂಕಾದ ಮೂರರಲ್ಲಿ ಎರಡು ಪಾಲು! 50 ಟಂಕಾದ ನೋಟು ಕೊಟ್ಟವನಿಗೆ ಏಳೂವರೆ ಸ್ರಂಗಿನ ಸಾಮಾನು. ಆಣೆ ಪೈ ಲೆಕ್ಕದಲ್ಲಿ ಪಳಗಿದ ನಮ್ಮ ಹಿಂದಿನ ತಲೆಮಾರಿನ ರೈಟರುಗಳು ಇದನ್ನು ನಿದ್ದೆಗಣ್ಣಿನಲ್ಲಿ ಮಾಡಿಯಾರು. ಯಂತ್ರ ಒತ್ತುವ ಈಗಿನವರ ಕೈಯಲ್ಲಿ ಆಗದೆಂದು ನಮ್ಮ ಗುಮಾನಿ.

ಖೋಟಾದ ಹಾವಳಿ ಅಲ್ಲಿಗೂ ಬಿಡಲಿಲ್ಲ. ಒಂದೇ ಬಣ್ಣದ ಮರದಚ್ಚಿನ ನೋಟನ್ನು ನಕಲು ಮಾಡುವುದು ಜಾಣ ಬಡಗಿಗೆ ಎಷ್ಟರ ಕೆಲಸ? ಅದಕ್ಕಾಗಿಯೇ 1926ರಿಂದ 50 ಟಂಕಾದ ನೋಟನ್ನು ಹಲವು ಬಣ್ಣಗಳಲ್ಲಿ ಹೊರಡಿಸತೊಡಗಿದರು. ಅದು 1941ರ ವರೆಗೆ ನಡೆಯಿತು. ಮುಂದೆ ಲೋಹದ ಅಚ್ಚುಗಳು ಬಂದವು. ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ನಡುವೆ ಗುಪ್ತಬರಹವನ್ನು ಸೇರಿಸುವ ಉಪಾಯ ಬಂದಿತು. ನಾವು ಬೆಳಕಿಗೆ ಹಿಡಿದು ಕಂಡದ್ದು ಅದನ್ನೇ. ಎಲ್ಲಕ್ಕಿಂತ ನಮ್ಮ ಮನಸ್ಸನ್ನು ಸೆಳೆದದ್ದು ಸಂಖ್ಯೆಯ ವಿಚಾರ. ಪ್ರತಿಯೊಂದು ನೋಟಿನ ಸಂಖ್ಯೆಯನ್ನೂ ನುರಿತ ಲಿಪಿಕಾರರು ಕೈಯಿಂದಲೇ ಬರೆಯುತ್ತಿದ್ದರು. ಯಂತ್ರವಲ್ಲ, ಮನುಷ್ಯ! ಕೂತು, ಲೇಖನಿ ಹಿಡಿದು, ಒಂದೊಂದೇ ಅಂಕಿಯನ್ನು ಸುಂದರವಾಗಿ. ನಮ್ಮ ವಾಚಕರಲ್ಲಿ ಗುಮಾಸ್ತಿಕೆ ಮಾಡುವವರು ಆ ಅಜ್ಞಾತ ಲಿಪಿಕಾರರನ್ನು ತಮ್ಮ ವೃತ್ತಿಬಾಂಧವರೆಂದು ಎಣಿಸಲು ಅಡ್ಡಿಯಿಲ್ಲ. ಹಣದ ರಾಶಿಯ ನಡುವೆ ಕುಳಿತು ಸಂಬಳಕ್ಕೆ ಅಂಕಿ ಬರೆಯುವ ಯೋಗ ಇಬ್ಬರದೂ ಒಂದೇ.

ಈ ನೋಟುಗಳು ಹೊರಡುತ್ತಿದ್ದುದು ಲಾಸಾದ ಉತ್ತರಕ್ಕಿರುವ ದ್ರಪ್ಚಿ ಎಂಬಲ್ಲಿನ ಕಾರ್ಯಾಗಾರದಿಂದ. 1913ರಲ್ಲಿ ನಾಲ್ವರು ಟಿಬೆಟನ್ ಹುಡುಗರನ್ನು ಇಂಗ್ಲೆಂಡಿನ ರಗ್ಬಿ ಶಾಲೆಗೆ ಕಳುಹಿಸಿದ್ದರು. ಅವರಲ್ಲೊಬ್ಬನಾದ ರಿಂಗಂಗ್ ವಿದ್ಯುಚ್ಛಾಸ್ತ್ರ ಕಲಿತು ಬಂದು ಲಾಸಾದ ಬಳಿ ನೀರಿನಿಂದ ವಿದ್ಯುತ್ತು ತೆಗೆಯುವ ಕಾರಖಾನೆಯನ್ನು ಕಟ್ಟಿದನು. ಟಂಕಸಾಲೆಯ ಯಂತ್ರಗಳಿಗೆ ಅಲ್ಲಿಂದ ಶಕ್ತಿ ಒದಗಿತು. ದ್ರಪ್ಚಿಯ ಮೇಲ್ವಿಚಾರಣೆ ಬಹುಕಾಲ ತ್ಸಾರಂಗ್ ದಸಂಗ್ ದದುಲ್ ಎಂಬ ಅಧಿಕಾರಿಯ ಕೈಯಲ್ಲಿದ್ದಿತು. ಸಾಮಾನ್ಯರ ಮನೆಯಲ್ಲಿ ಹುಟ್ಟಿ, 1910ರಲ್ಲಿ ದಲೈ ಲಾಮಾ ಅವರು ಪಾರಾಗುವಾಗ ಬೆನ್ನಟ್ಟಿ ಬಂದ ಸೈನ್ಯವನ್ನು ನದಿಯ ಕಡವಿನಲ್ಲಿ ತಡೆದು ನಿಲ್ಲಿಸಿ, ಮುಂದೆ ಸೇನಾಪತಿಯಾದ ಶೂರನು ಆತ. ಹದಿಮೂರನೆಯ ದಲೈ ಲಾಮಾ ಅವರು 1933ರಲ್ಲಿ ದೇಹವಿಟ್ಟರು. ಅವರ ನಂತರದ ದಿನಗಳಲ್ಲಿ ಟಂಕಾದ ನೋಟುಗಳು ಹಿಂದೆ ಸರಿದು ಸ್ರಂಗಿನವು ಮುಂದೆ ಬಂದವು: ನೂರು ಸ್ರಂಗಿನದು 1930ರ ದಶಕದ ಕೊನೆಯಲ್ಲಿ, ಹತ್ತು ಮತ್ತು ಐದರವು 1940ರ ದಶಕದ ಮೊದಲಲ್ಲಿ, ಇಪ್ಪತ್ತೈದರದು 1949ರಲ್ಲಿ. ಸಣ್ಣ ಮೊಬಲಗಿನ ನೋಟು ಮರೆಯಾಗಿ ದೊಡ್ಡ ಮೊಬಲಗಿನದು ಹೆಚ್ಚುತ್ತ ಹೋದರೆ ಪೇಟೆಯಲ್ಲಿ ಏನು ನಡೆದಿದೆಯೆಂಬುದನ್ನು ನಮ್ಮ ಹೋಟೆಲು ಬಂಧುಗಳಿಗೆ ವಿವರಿಸಬೇಕಾಗಿಲ್ಲ.

ಇಲ್ಲಿ ಕ್ಷಣಕಾಲ ನಿಂತು ರೋಮಿನ ಕಡೆ ನೋಡುವುದು ಯೋಗ್ಯ. ಧರ್ಮಗುರುವಿನ ಕಾಗದದ ಹಣವೆಂದರೆ ಜಗತ್ತಿಗೆ ಮೊದಲು ನೆನಪಾಗುವುದು ಪೋಪರ ರಾಜ್ಯದ್ದೇ. 1870ರ ವರೆಗೆ ಇಟಲಿಯ ನಡುಭಾಗದಲ್ಲಿ ಪೋಪರು ಅರಸರಾಗಿಯೇ ಆಳಿದರು. 1605ರಲ್ಲಿ ಐದನೆಯ ಪಾಲ್ ಪೋಪರು ಒಂದು ಆಸ್ಪತ್ರೆಯ ಆಸ್ತಿಯ ಆಧಾರದ ಮೇಲೆ ‘ಪವಿತ್ರಾತ್ಮದ ಬ್ಯಾಂಕು’ ಎಂಬುದನ್ನು ಸ್ಥಾಪಿಸಿದರು. ಅದೂ, ಬಡವರಿಗೆ ಒತ್ತೆಯ ಮೇಲೆ ಸಾಲ ಕೊಡಲು 1539ರಲ್ಲಿ ಏರ್ಪಟ್ಟಿದ್ದ ಧರ್ಮಾರ್ಥ ಸಂಸ್ಥೆಯೂ ತಮ್ಮಲ್ಲಿಟ್ಟ ಹಣಕ್ಕೆ ಕೊಡುತ್ತಿದ್ದ ಚೀಟಿಗಳು ಕ್ರಮೇಣ ಕೈಯಿಂದ ಕೈಗೆ ಹಣವಾಗಿಯೇ ಓಡಾಡಿದವು. ಚೀಟಿಯ ಹಿಂದೆ ಬೆಳ್ಳಿಯಿರುವ ತನಕ ಎಲ್ಲವೂ ಚೆನ್ನಾಗಿತ್ತು. ಆರನೆಯ ಪಯಸ್ ಪೋಪರ ಕಾಲಕ್ಕೆ ಖರ್ಚು ಮಿತಿಮೀರಿ ಚೀಟಿಗಳು ಬೊಕ್ಕಸಕ್ಕಿಂತ ಬೆಳೆದವು. 1796ರಲ್ಲಿ ನೆಪೋಲಿಯನ್ನನು ಬೊಲೊನ್ಯದ ಒಪ್ಪಂದದಲ್ಲಿ 2 ಕೋಟಿ 10 ಲಕ್ಷ ಫ್ರೆಂಚ್ ನಾಣ್ಯಗಳ ದಂಡವನ್ನೂ, ಮರುವರ್ಷ ತೊಲೆಂತಿನೊದಲ್ಲಿ ಇನ್ನೂ ಒಂದೂವರೆ ಕೋಟಿಯನ್ನೂ ಹೇರಿದಾಗ ದೇವಾಲಯಗಳ ಬೆಳ್ಳಿ ಬಂಗಾರವೂ ಕರಗಿಹೋಯಿತು. ಕಾಗದ ಮಾತ್ರ ಜನರ ಕೈಯಲ್ಲಿ ಉಳಿಯಿತು. 1798ರಲ್ಲಿ ಫ್ರೆಂಚರು ರೋಮಿನಲ್ಲಿ ಗಣರಾಜ್ಯ ಸಾರಿ, ಪೋಪರನ್ನು ಸೆರೆಯೊಯ್ದು, 7, 8, 9, 10 ಪಾವೊಲೊಗಳ ಹೊಸ ಚೀಟಿಗಳನ್ನು ಹೊರಡಿಸಿದರು. ಆ ಗಣರಾಜ್ಯ ಎರಡು ವರ್ಷ ಪೂರ್ತಿ ಬಾಳಲಿಲ್ಲ. ಮತ್ತೆ 1849ರಲ್ಲಿ ಮಾತ್ಸಿನಿಯ ಮುಂದಾಳುತನದ ಗಣರಾಜ್ಯ ಕೆಲವು ತಿಂಗಳು ಇದ್ದು 24 ಬಾಯೊಕ್ಕಿಯಂತಹ ಸಣ್ಣ ನೋಟುಗಳನ್ನು ಹಂಚಿತು. ಸಣ್ಣ ನೋಟು ಸೇರುವುದು ಸಣ್ಣವರ ಜೇಬನ್ನೇ. ಪೋಪರ ಆಡಳಿತ ಹಿಂದಿರುಗಿದೊಡನೆ ಮೂವರು ಕಾರ್ಡಿನಲ್ಲರ ಮಂಡಳಿ ಆ ಕಾಗದವನ್ನು ನೂರಕ್ಕೆ ಅರುವತ್ತೈದರ ಬೆಲೆಗಷ್ಟೇ ಒಪ್ಪಿಕೊಳ್ಳುವುದಾಗಿ ಸಾರಿತು. ಆಳಿದವರ ತಪ್ಪಿಗೆ ರೊಟ್ಟಿ ಮಾರುವವನೂ ಗಾರೆ ಕೆಲಸದವನೂ ಮೂವತ್ತೈದು ತೆತ್ತರು. ಆ ಮೇಲೆ 1850ರಲ್ಲಿ ಪೋಪರ ರಾಜ್ಯದ ಬ್ಯಾಂಕು ಎಂಬುದು ಏರ್ಪಟ್ಟು ಸ್ಕೂದೊ ಲೆಕ್ಕದ ನೋಟುಗಳನ್ನು ಹೊರಡಿಸಿತು. 1870ರ ಸೆಪ್ಟೆಂಬರ್ 20ರಂದು ಇಟಲಿಯ ಸೈನ್ಯ ರೋಮನ್ನು ಹೊಕ್ಕಿತು. ರಾಜ್ಯ ಹೋಯಿತು, ಆದರೆ ಬ್ಯಾಂಕು ‘ರೋಮನ್ ಬ್ಯಾಂಕು’ ಎಂಬ ಹೆಸರಿನಿಂದ ಉಳಿದುಕೊಂಡಿತು. ಉಳಿದದ್ದು ಏನು ಮಾಡಿತು? ಒಂದೇ ಸಂಖ್ಯೆಯ ನೋಟನ್ನು ಎರಡೆರಡು ಬಾರಿ ಅಚ್ಚು ಹಾಕಿ 1893ರಲ್ಲಿ ಸಿಕ್ಕಿಬಿದ್ದಿತು. ಅದರ ಗವರ್ನರ್ ತಾನ್ಲೊಂಗೊ ಬಂಧಿತನಾದನು, ಮಂತ್ರಿಮಂಡಲವೇ ಉರುಳಿತು, ಇಟಲಿಗೆ ಹೊಸ ಬ್ಯಾಂಕನ್ನು ಕಟ್ಟಬೇಕಾಯಿತು. ತಾನ್ಲೊಂಗೊ ಮರುವರ್ಷ ಖುಲಾಸೆಯಾದನೆಂಬುದನ್ನೂ ಹೇಳಿಬಿಡಬೇಕು. ಇಂದಿನ ವ್ಯಾಟಿಕನ್ ಯೂರೋ ನಾಣ್ಯಗಳನ್ನು ಹೊರಡಿಸುತ್ತದೆ, ನೋಟನ್ನು ಹೊರಡಿಸುವುದಿಲ್ಲ.

ರೋಮಿನವನಿಗೆ ನೂರಕ್ಕೆ ಅರುವತ್ತೈದಾದರೂ ಸಿಕ್ಕಿತು. ಟಿಬೆಟಿನವನ ಪಾಡನ್ನು ನೋಡೋಣ.

1951ರಲ್ಲಿ ಹದಿನೇಳು ಅಂಶಗಳ ಒಪ್ಪಂದವಾಗಿ ಚೀನಾದ ಸೈನ್ಯ ಲಾಸಾಕ್ಕೆ ಬಂದಿತು. ಸಾವಿರಾರು ಬಾಯಿಗಳು ಒಮ್ಮೆಲೇ ಹೆಚ್ಚಿದುದರಿಂದ ಧಾನ್ಯದ ಬೆಲೆ ಏರಿತು. ಬಂದವರು ಕೂಲಿಗೂ ಸರಕಿಗೂ ಬೆಳ್ಳಿಯ ಡಾಲರುಗಳನ್ನು ಎಣಿಸಿ ಕೊಟ್ಟರು. ಎದುರಿಗೆ ಬೆಳ್ಳಿಯ ಸದ್ದು ಕೇಳಿಸುತ್ತಿರುವಾಗ ಕಾಗದಕ್ಕೆ ಯಾರು ಕೈಚಾಚಿಯಾರು? ಆದರೂ ದ್ರಪ್ಚಿಯ ಅಚ್ಚು ನಿಲ್ಲಲಿಲ್ಲ. ನೂರು ಸ್ರಂಗಿನ ನೋಟು 1959ರ ವರೆಗೂ ಬರುತ್ತಲೇ ಇದ್ದಿತು. ಆ ವರ್ಷದ ಮಾರ್ಚ್ 17ರ ರಾತ್ರಿ ಹದಿನಾಲ್ಕನೆಯ ದಲೈ ಲಾಮಾ ಅವರು ವೇಷ ಮರೆಸಿಕೊಂಡು ಲಾಸಾವನ್ನು ಬಿಟ್ಟರು. 31ರಂದು ಭಾರತದ ಗಡಿಯನ್ನು ದಾಟಿದರು. ಅವರ ಹಿಂದೆ ಸಹಸ್ರಾರು ಮಂದಿ ಹಿಮದ ಕಣಿವೆಗಳಲ್ಲಿ ಇಳಿದು ಬಂದರು. ಹಳೆಯ ಸರಕಾರವನ್ನು ವಿಸರ್ಜಿಸಿದರು. ಅದರ ಹಣವನ್ನೂ ಅದೇ ವರ್ಷ ರದ್ದುಮಾಡಿದರು. ಟಂಕಸಾಲೆಯನ್ನು ನಡೆಸಿದ ತ್ಸಾರಂಗ್, ಎಪ್ಪತ್ತರ ವಯಸ್ಸಿನಲ್ಲಿ, ಅದೇ ವರ್ಷ ಲಾಸಾದ ಸೆರೆಮನೆಯಲ್ಲಿ ಪ್ರಾಣಬಿಟ್ಟನು. ದ್ರಪ್ಚಿ ಎಂಬ ಹೆಸರನ್ನು ಮುಂದೆ ಲೋಕವು ಕೇಳಿದ್ದು ಒಂದು ಬಂದೀಖಾನೆಯ ಹೆಸರಾಗಿ.

ಗಡಿ ದಾಟಿದವನ ಮಡಿಲಲ್ಲಿ ಏನಿತ್ತೆಂದು ಯೋಚಿಸಿರಿ. ಹವಳ, ವೈಡೂರ್ಯ, ಬೆಳ್ಳಿಯ ತಾಯಿತ ಇದ್ದವನು ಅವನ್ನು ಮಾರಿ ಅಕ್ಕಿ ಕೊಂಡನು. ಸ್ರಂಗಿನ ಕಟ್ಟು ಇದ್ದವನು? ಚೀನಾದ ಕೈಕೆಳಗಿನ ಲಾಸಾದಲ್ಲಿ ಅದು ಸಲ್ಲದು. ಭಾರತದ ಯಾವ ಬ್ಯಾಂಕಿಗೂ ಅದು ಬೇಡ. ನಿನ್ನೆ ಅದರಿಂದ ಜವೆಯ ಹಿಟ್ಟು ಬರುತ್ತಿದ್ದಿತು, ಇಂದು ಅದೊಂದು ಚಿತ್ರದ ಕಾಗದ. ಸರಕಾರದ ಪಾಡೂ ಹೆಚ್ಚು ಬೇರೆಯಲ್ಲ. ಮುಂದಾಲೋಚನೆಯಿಂದ 1950ರಲ್ಲಿಯೇ ಸಿಕ್ಕಿಮಿಗೆ ಸಾಗಿಸಿಟ್ಟಿದ್ದ ಬೆಳ್ಳಿ ಬಂಗಾರವನ್ನು ಕಲಕತ್ತೆಗೆ ತಂದು ಮಾರಿದರು. ಆ ಹಣವನ್ನು ಹೂಡಿದ ಉದ್ಯಮಗಳು ಕೈಹಿಡಿಯದೆ ಕೊನೆಗೆ ಉಳಿದದ್ದು ಹತ್ತು ಲಕ್ಷ ಡಾಲರಿಗೂ ಕಡಿಮೆ. ಆದರೂ ಅದು ಉಳಿಯಿತು. ಲಿಪಿಕಾರರು ಅಂಕಿ ಬರೆದ ಕಾಗದದಲ್ಲಿ ಒಂದು ಪೈಯೂ ಉಳಿಯಲಿಲ್ಲ.

ಅದೇ 1959ರಲ್ಲಿ ನಮ್ಮ ಕನ್ನಡ ನಾಡಿನಲ್ಲಿಯೂ ಒಂದು ಹಣ ಸತ್ತುಹೋಯಿತೆಂಬುದು ಎಷ್ಟು ಮಂದಿಗೆ ನೆನಪಿದೆಯೋ ತಿಳಿಯದು. ಗುಲ್ಬರ್ಗ, ಬೀದರ, ರಾಯಚೂರು ಕಡೆಯ ವೃದ್ಧರು ‘ಹಾಲಿ ರೂಪಾಯಿ’ ಎನ್ನುತ್ತಿದ್ದರಲ್ಲ, ಅದೇ ನಿಜಾಮರ ಉಸ್ಮಾನಿಯಾ ಸಿಕ್ಕಾ. ಇಂಗ್ಲಿಷರ ರೂಪಾಯಿಗೆ ಅವರು ‘ಕಲ್ದಾರ್’ ಎನ್ನುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂದಾಗ 1918ರಲ್ಲಿ ಹೈದರಾಬಾದ್ ಸಂಸ್ಥಾನ ಹತ್ತು ಮತ್ತು ನೂರು ರೂಪಾಯಿಗಳ ನೋಟು ಹೊರಡಿಸಿತು. ಮರುವರ್ಷ ಒಂದು ಮತ್ತು ಐದರವು, 1926ರಲ್ಲಿ ಸಾವಿರದ್ದು. ಆ ನೋಟುಗಳ ಮೇಲೆ ಉರ್ದು, ತೆಲುಗು, ಮರಾಠಿಗಳ ಜೊತೆಗೆ ನಮ್ಮ ಕನ್ನಡವೂ ಇದ್ದಿತು. 1948ರ ಪೋಲೀಸು ಕಾರ್ಯಾಚರಣೆಯಿಂದ ನಿಜಾಮರ ಆಳ್ವಿಕೆ ಮುಗಿಯಿತು. ಆದರೆ ರಾಯಚೂರಿನ ಹತ್ತಿ ಬೆಳೆಗಾರನ ತಿಜೋರಿಯಲ್ಲಿದ್ದ ಸಿಕ್ಕಾ ನೋಟು ಮರುದಿನ ಕಸವಾಗಲಿಲ್ಲ. ಏಳು ಹಾಲಿ ರೂಪಾಯಿಗೆ ಆರು ಭಾರತದ ರೂಪಾಯಿ ಎಂದು ದರ ಕಟ್ಟಿ, ಎರಡನ್ನೂ ಜೊತೆಯಲ್ಲಿ ನಡೆಯಗೊಟ್ಟು, 1951ರಲ್ಲಿ ಹೊಸದಾಗಿ ಹೊರಡಿಸುವುದನ್ನು ನಿಲ್ಲಿಸಿ, 1959ರಲ್ಲಿ ಮಾತ್ರ ಅದನ್ನು ಪೂರ್ತಿ ರದ್ದುಮಾಡಿದರು. ರಾಜ್ಯ ಬಿದ್ದು ಹನ್ನೊಂದು ವರ್ಷ ಅದರ ಕಾಗದ ಬದುಕಿತ್ತು! ಎರಡು ಹಣಗಳ ಮರಣ ಒಂದೇ ವರ್ಷದಲ್ಲಿ. ಒಂದಕ್ಕೆ ಉತ್ತರಕ್ರಿಯೆ ವಿಧಿವತ್ತಾಗಿ ನಡೆಯಿತು, ಇನ್ನೊಂದರ ವಾರಸುದಾರರು ಹಿಮದಲ್ಲಿ ನಡೆದು ಬರುತ್ತಿದ್ದರು.

ಆ ವಾರಸುದಾರರಲ್ಲಿ ಬಹುಮಂದಿ ಕನ್ನಡ ನೆಲಕ್ಕೇ ಬಂದರೆಂಬುದು ವಾಚಕರಿಗೆ ತಿಳಿದದ್ದೇ. ಆಗಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು ಮೂರು ಸಾವಿರ ಎಕರೆ ಕಾಡುಭೂಮಿಯನ್ನು ಕೊಟ್ಟಿತು. 1960–61ರಲ್ಲಿ ಮೊದಲ ತಂಡಗಳು ಅಲ್ಲಿಗೆ ಬಂದು ಬಿದಿರುಮೆಳೆ ಕಡಿದು, ಆನೆಗಳ ಕಾಟದ ನಡುವೆ ಜೋಳ ಬಿತ್ತಿದವು. ಎಸ್. ನಿಜಲಿಂಗಪ್ಪನವರ ಔದಾರ್ಯವನ್ನು ದಲೈ ಲಾಮಾ ಅವರು ಅನೇಕ ಬಾರಿ ಕೃತಜ್ಞತೆಯಿಂದ ಸ್ಮರಿಸಿದ್ದಾರೆ. 1966ರಲ್ಲಿ ಉತ್ತರ ಕನ್ನಡದ ಮುಂಡಗೋಡು, ಅನಂತರ ಹುಣಸೂರು, ಕೊಳ್ಳೇಗಾಲದ ಕಡೆ ವಸತಿಗಳಾದವು. ಲಾಸಾದ ಸುತ್ತಲಿನ ಮೂರು ಮಹಾಮಠಗಳ ಪೈಕಿ ಸೇರಾ ಬೈಲಕುಪ್ಪೆಯಲ್ಲಿಯೂ, ಡ್ರೆಪುಂಗ್ ಮತ್ತು ಗಾಂದೆನ್ ಮುಂಡಗೋಡಿನಲ್ಲಿಯೂ ಮರುಹುಟ್ಟು ಪಡೆದವು. ಸೀಮೆ ಬಿಟ್ಟು ಬಂದವರು ಹೊಟ್ಟೆಯ ಪಾಡಿಗೆ ಮೊದಲು ಕೂಲಿ, ಅನಂತರ ಹೊಲ, ಅನಂತರ ವ್ಯಾಪಾರ ಹಿಡಿದ ಈ ಕ್ರಮ, ಕರಾವಳಿಯಿಂದ ತಟ್ಟೆ ತೊಳೆಯಲು ಬಂದು ಮಾಣಿಯಾಗಿ ಗಲ್ಲಾ ಹಿಡಿದ ನಮ್ಮವರಿಗೆ ಚೆನ್ನಾಗಿ ಅರ್ಥವಾದೀತು. ವ್ಯತ್ಯಾಸ ಒಂದಿದೆ. ನಮ್ಮವರಿಗೆ ಮನಿಯಾರ್ಡರು ಕಳುಹಿಸಲು ಊರಿತ್ತು, ಅವರಿಗೆ ಇರಲಿಲ್ಲ.

ನಮ್ಮ ವಿದರ್ಭದಲ್ಲಿಯೂ ಅವರಿದ್ದಾರೆ. 1972ರಲ್ಲಿ ಆಗಿನ ಭಂಡಾರಾ ಜಿಲ್ಲೆಯ ಗೋಠಣಗಾಂವ್ ಬಳಿ ನೋರ್ಗ್ಯೇಲಿಂಗ್ ಎಂಬ ಟಿಬೆಟನ್ ವಸತಿ ಏರ್ಪಟ್ಟಿತು. 1999ರಲ್ಲಿ ಜಿಲ್ಲೆ ಒಡೆದ ಮೇಲೆ ಅದು ಗೊಂದಿಯಾ ಜಿಲ್ಲೆಗೆ ಸೇರಿತು. ಚಳಿಗಾಲ ಬಂದರೆ ಟಿಬೆಟನ್ನರು ನಾಗಪುರದಲ್ಲಿ ಸ್ವೆಟರು, ಶಾಲುಗಳ ಅಂಗಡಿ ಹೂಡುವುದನ್ನು ಕಾಣದವರಾರು? ಮನೀಶ್ ನಗರದ ನಮ್ಮ ಹಿರಿಯರ ನೂರು ಸ್ರಂಗಿನ ನೋಟೂ ಅಂಥದೊಂದು ಅಂಗಡಿಯ ವೃದ್ಧೆಯಿಂದಲೇ ಬಂದದ್ದು. ಆಕೆ ಅದನ್ನು ಮಾರಲಿಲ್ಲ. ಎರಡು ಮೂರು ಚಳಿಗಾಲ ಮಾತನಾಡಿಸಿದ ಸಲುಗೆಯಿಂದ, ತನ್ನ ತಂದೆ ತಂದ ಕಟ್ಟಿನಲ್ಲಿ ಇಂಥವು ಇನ್ನೂ ಹಲವಿವೆ, ಮಕ್ಕಳಿಗೆ ಆಟಕ್ಕೆ ಕೊಟ್ಟದ್ದೂ ಉಂಟೆಂದು ಹೇಳಿ, ಇವರ ಕೈಯಲ್ಲಿಟ್ಟಳಂತೆ. ಇವರು ಬದಲಿಗೆ ಹಣ ಕೊಡಹೋದಾಗ, “ಇದು ಹಣವಲ್ಲ, ಬಾಬೂಜಿ” ಎಂದಳಂತೆ.

ಗಡೀಪಾರಿನ ಟಿಬೆಟನ್ ಆಡಳಿತಕ್ಕೆ ಈಗ ನೋಟು ಹೊರಡಿಸುವ ಅಧಿಕಾರವಿಲ್ಲ. 2011ರಲ್ಲಿ ದಲೈ ಲಾಮಾ ಅವರು ತಮ್ಮ ರಾಜಕೀಯ ಅಧಿಕಾರವನ್ನು ಜನರಿಂದ ಆಯ್ಕೆಯಾದವರಿಗೆ ಒಪ್ಪಿಸಿದರು. ಗುರುವೇ ಅರಸನೆಂಬ 1642ರ ಏರ್ಪಾಡು ಅಲ್ಲಿಗೆ ಮುಗಿಯಿತು. ಆದರೆ 1972ರಿಂದ ಅವರು ಒಂದು ಹಸಿರು ಪುಸ್ತಕವನ್ನು ಇಟ್ಟುಕೊಂಡು ಬಂದಿದ್ದಾರೆ. ಬೈಲಕುಪ್ಪೆಯವನಾಗಲಿ, ಗೋಠಣಗಾಂವಿನವನಾಗಲಿ, ವರ್ಷಕ್ಕೊಮ್ಮೆ ತನ್ನ ಕಾಣಿಕೆಯನ್ನು ಸಲ್ಲಿಸಿ ಅದರಲ್ಲಿ ಗುರುತು ಹಾಕಿಸಿಕೊಳ್ಳುತ್ತಾನೆ. ಸಲ್ಲಿಸುವುದು ಭಾರತದ ರೂಪಾಯಿಯಲ್ಲಿ. ಹದಿನೈದು ಭಾಷೆಗಳ ಪಟ್ಟಿಯಲ್ಲಿ ಅಸ್ಸಾಮಿ, ಬಂಗಾಳಿ, ಗುಜರಾತಿಗಳ ಕೆಳಗೆ, ನಾಲ್ಕನೆಯ ಸಾಲಿನಲ್ಲಿ ಕನ್ನಡವಿರುವ ಅದೇ ನೋಟಿನಲ್ಲಿ.

ಸಂಗ್ರಾಹಕರಿಗೆ ಒಂದು ಸೂಚನೆ. ನೂರು ಸ್ರಂಗಿನ ನೋಟು ಇಪ್ಪತ್ತು ವರ್ಷ ಬಿಡದೆ ಅಚ್ಚಾದುದರಿಂದ ಈಗಲೂ ಅಲ್ಲಲ್ಲಿ ಸಿಕ್ಕುತ್ತದೆ; ಮೊದಲ ಕಾಲದ ಟಂಕಾ ನೋಟುಗಳು ಬಹಳ ಅಪರೂಪ. ಅಪರೂಪವಾದ್ದರಿಂದಲೇ ಅವುಗಳ ನಕಲು ಈಗಲೂ ತಯಾರಾಗುತ್ತಿದೆ. ಕೊಳ್ಳುವವರು ನೋಟನ್ನು ಬೆಳಕಿಗೆ ಹಿಡಿದು ನೋಡಬೇಕು. ಸಂಖ್ಯೆಯು ಅಚ್ಚಿನದೋ ಕೈಬರಹದ್ದೋ ಎಂಬುದನ್ನು ಭೂತಗನ್ನಡಿಯಿಂದ ಪರೀಕ್ಷಿಸಬೇಕು.